ಸೊಸೆಯ ಕೆಲಸಕ್ಕೊಂದು ಹೆಸರು

ಹೆಸರಿಡುವುದರಲ್ಲಿ ಆ ಮನೆಯ ಅತ್ತೆಯನ್ನು ಮೀರಿಸುವವರು ಯಾರೂ ಇರಲಿಲ್ಲ. ಅನ್ನ ಒಂಚೂರು ಮೆತ್ತಗಾದರೆ ಅದಕ್ಕೊಂದು ಹೆಸರು, ಒಣಗಿಸಿದ ಅಂಗಿಯ ಕಾಲರ್ ಮಡಚಿಕೊಂಡಿದ್ದರೆ ಅದಕ್ಕೊಂದು ಹೆಸರು, ಸೊಸೆ ನಕ್ಕರೆ ಒಂದು, ನಗದಿದ್ದರೆ ಇನ್ನೊಂದು. ಹೀಗೆ ಕಂಡದ್ದಕ್ಕೆಲ್ಲ ಹೆಸರಿಡುವ ಮನೆಗೆ ಒಂದು ಸಂಜೆ ಸೊಸೆ ಆಫೀಸಿನಿಂದ ಬಂದು, ಹೆಗಲಿನ ಚೀಲ ಕೂಡ ಇಳಿಸದೆ, "ನನ್ನ ಕೆಲಸಕ್ಕೊಂದು ಹೆಸರು ಬೇಕು" ಅಂದಾಗ ಮಾತ್ರ ಯಾರಿಗೂ ಒಂದು ಮಾತೂ ಹೊಳೆಯಲಿಲ್ಲ ನೋಡಿ.

"ಇದೆಯಲ್ಲ ಹೆಸರು," ಎಂದ ಗಂಡ. ಅವನದು ಫ್ರಿಜ್ ರಿಪೇರಿ. ಕೆಲಸ ಏನು ಅಂತ ಯಾರಾದರೂ ಕೇಳಿದರೆ ಎರಡು ಮಾತಿನಲ್ಲಿ ಹೇಳಿ ಮುಗಿಸಿಬಿಡುವ ಪುಣ್ಯವಂತ. "ಪ್ರಾಜೆಕ್ಟ್ ಮ್ಯಾನೇಜರ್ ಅಂತ. ಅದು ನನ್ನ ಬಾಯಲ್ಲಿ ಸರಿಯಾಗಿ ಹೊರಳೋದಕ್ಕೇ ಎಷ್ಟು ಕಾಲ ಹಿಡೀತು. ಈಗ ಅದಕ್ಕೇನಾಯ್ತು?"

"ಹೊಸ ಡೈರೆಕ್ಟರ್‌ಗೆ ಆ ಹೆಸರು ಕಂಡ್ರೆ ಆಗಲ್ಲವಂತೆ. ನಮ್ಮಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಅಂತ ಇರೋರಲ್ಲಿ ಒಬ್ಬರು ಖರ್ಚು ನೋಡ್ತಾರೆ, ಒಬ್ಬರು ಗಿರಾಕಿಗಳ ಜೊತೆ ಮಾತಾಡ್ತಾರೆ, ಇನ್ನೊಬ್ಬರು ಏನು ಮಾಡ್ತಾರೆ ಅಂತ ಅವರಿಗೇ ಗೊತ್ತಿಲ್ಲ ಅಂದ್ರು. ತಿಂಗಳ ಕೊನೆಯೊಳಗೆ ಎಲ್ಲರೂ ತಂತಮ್ಮ ಕೆಲಸಕ್ಕೆ ಸ್ಪಷ್ಟವಾದ ಹೆಸರು ತರಬೇಕು. ತರೋಕಾಗದೇ ಇದ್ರೆ ಆ ಹುದ್ದೆ ಇರಲ್ಲ."

"ಹುದ್ದೆ ಇರಲ್ಲ ಅಂದ್ರೆ?"

"ಇರಲ್ಲ ಅಂದ್ರೆ ಇರಲ್ಲ ರೀ."

ಗಂಡ ಟಿ.ವಿ. ಆರಿಸಿದ. ಮನೆ ಬಾಡಿಗೆ ಸೊಸೆಯ ಸಂಬಳದಿಂದ ಹೋಗುತ್ತಿತ್ತು. ಮಗಳ ಶಾಲೆಯ ಫೀಸೂ ಅಷ್ಟೇ. ಫ್ರಿಜ್‌ಗಳು ಬೇಸಿಗೆಯಲ್ಲಿ ಕೆಟ್ಟಷ್ಟು ಚಳಿಗಾಲದಲ್ಲಿ ಕೆಡುವುದಿಲ್ಲ, ಅದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ.

ಊಟಕ್ಕೆ ಕೂತಾಗ ಎಲ್ಲರಿಗೂ ಹುರುಪು ಬಂತು.

"ಮೇಸ್ತ್ರಿ ಅನ್ನು," ಎಂದ ಗಂಡ, ಅನ್ನಕ್ಕೆ ಬೇಳೆ ಹಾಕಿಸಿಕೊಳ್ಳುತ್ತ. "ಕಟ್ಟಡಕ್ಕೆ ಮೇಸ್ತ್ರಿ ಇರೋ ಹಾಗೆ ಸಾಫ್ಟ್‌ವೇರ್‌ಗೆ ನೀನು."

"ಮೇಸ್ತ್ರಿಗೆ ಕರಣೆ ಹಿಡಿಯೋಕೆ ಬರುತ್ತೆ ಅಣ್ಣ," ಎಂದ ಮೈದುನ. "ಅತ್ತಿಗೆಗೆ ಕೋಡ್ ಬರೆಯೋಕೆ ಬರಲ್ಲ."

"ಕ್ಲಾಸ್ ಮಾನಿಟರ್!" ಮಗಳು ಕೂಗಿದಳು. "ಗಲಾಟೆ ಮಾಡೋರ ಹೆಸರು ಬೋರ್ಡ್ ಮೇಲೆ ಬರೆಯೋದು."

"ಹಾಗಾದ್ರೆ ಮೊದಲು ನಿನ್ನ ಚಿಕ್ಕಪ್ಪನ ಹೆಸರೇ ಬರೀಬೇಕು," ಎಂದಳು ಸೊಸೆ.

"ಆಫೀಸಲ್ಲಿ ನಮ್ಮ ಟೀಮಲ್ಲಿ ಅತ್ತಿಗೆಗೆ ಆಗಲೇ ಒಂದು ಹೆಸರಿದೆ. ಬೈಯಲ್ಲ ಅಂದ್ರೆ ಹೇಳ್ತೀನಿ." ಮೈದುನ ಅಣ್ಣನ ಕಡೆ ನೋಡಿ ಕಣ್ಣು ಮಿಟುಕಿಸಿದ. "ಆಯ್ತಾ ಮೇಡಂ ಅಂತ. ಎಲ್ಲರ ಹತ್ರ ಹೋಗಿ ಅದಾಯ್ತಾ ಇದಾಯ್ತಾ ಅಂತ ಕೇಳ್ತಾರಲ್ಲ, ಅದಕ್ಕೆ. ಪ್ರೀತಿಯಿಂದಾನೇ ಕರೆಯೋದು ಬಿಡಿ."

ಮಗಳು ಬಿದ್ದು ಬಿದ್ದು ನಕ್ಕಳು. ಗಂಡನಿಗೂ ನಗು ತಡೆಯಲಾಗಲಿಲ್ಲ. ಸೊಸೆಗೆ ಆ ಹೆಸರು ಅಂದೇ ಮೊದಲು ಕಿವಿಗೆ ಬಿದ್ದದ್ದು. ಅವಳೂ ನಕ್ಕಳು, ಆದರೆ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದಳು.

ಅತ್ತೆ ನಗಲಿಲ್ಲ. ನೀರಿನ ಲೋಟ ಕೆಳಗಿಟ್ಟರು. "ನಮ್ಮ ಫ್ಯಾಕ್ಟರೀಲೂ ಒಬ್ಬಳಿದ್ಳು," ಎಂದರು. "ಸೂಪರ್‌ವೈಸರಮ್ಮ. ನಾವು ಮೆಷಿನ್ ಮುಂದೆ ಬೆನ್ನು ಮುರ್ಕೊಂಡು ಕಾಲರ್ ಹೊಲೀತಿದ್ರೆ ಹಿಂದಿಂದ ಬಂದು, ಆಯ್ತಾ? ಇನ್ನೂ ಎಷ್ಟಿದೆ? ಆಯ್ತಾ? ಸೂಜಿ ಹಿಡಿಯೋಕೆ ಬರ್ತಿರಲಿಲ್ಲ ಅವಳಿಗೆ. ನೀರು ಕುಡಿಯೋಕೆ ಎದ್ರೂ ಕೈಗಡಿಯಾರ ನೋಡೋಳು. ಸಂಬಳ ಮಾತ್ರ ನಮ್ಮ ಎರಡರಷ್ಟು."

"ನನ್ನ ಕೆಲಸ ಹಾಗಲ್ಲ ಅತ್ತೆ."

"ಹೇಗೆ ಮತ್ತೆ? ಹೇಳು, ಕೇಳೋಣ."

ಸೊಸೆ ಹೇಳಿದಳು. ಔಷಧಿ ಅಂಗಡಿಗಳವರಿಗೆ ತಾವು ಸಾಫ್ಟ್‌ವೇರ್ ಮಾಡಿಕೊಡುತ್ತಿರುವುದು. ಅಂಗಡಿಯವರು ಇವತ್ತೊಂದು ಬೇಕು ಅನ್ನುವುದು, ನಾಳೆ ಇನ್ನೊಂದು. ಕೋಡ್ ಬರೆಯುವ ಹುಡುಗರಲ್ಲಿ ಒಬ್ಬ ಎರಡೇ ದಿನ ಸಾಕು ಎಂದು ಹೇಳಿ ಎರಡು ವಾರ ಎಳೆಯುವುದು. ಬರೆದದ್ದನ್ನು ಪರೀಕ್ಷೆ ಮಾಡುವ ಹುಡುಗಿಗೆ ಜ್ವರ ಬಂದರೆ ಅವಳ ಕೆಲಸ ಯಾರಿಗೆ, ಅವನ ಕೆಲಸ ಇನ್ಯಾರಿಗೆ. ಒಬ್ಬರ ಕೆಲಸ ನಿಂತರೆ ಇನ್ನೊಬ್ಬರ ಕೈ ಖಾಲಿ. ಹೇಳುತ್ತ ಹೇಳುತ್ತ ಅವಳ ಬೇಳೆ ಆರಿಹೋಯಿತು. ಇಷ್ಟೆಲ್ಲ ಹೇಳಿಯೂ ತಾನು ಏನನ್ನೂ ಹೇಳಲಿಲ್ಲವೇನೋ ಅನ್ನಿಸಿತು.

"ಅಂದ್ರೆ ಮಾಡೋರು ಬೇರೆ," ಎಂದರು ಅತ್ತೆ. "ನೀನು ಕೇಳ್ತೀಯ. ನಾನೂ ಅದನ್ನೇ ತಾನೇ ಮಾಡಿದ್ದು ಈ ಮನೇಲಿ? ಹೋಂವರ್ಕ್ ಆಯ್ತಾ, ಸ್ನಾನ ಆಯ್ತಾ, ಊಟ ಆಯ್ತಾ. ನನಗೆ ಯಾವ ಪುಣ್ಯಾತ್ಮ ಸಂಬಳ ಕೊಟ್ಟ?"

ಸೊಸೆ ಎದ್ದಳು. ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮೈದುನ ಅದೇ ಆಫೀಸಿನವನು, ಅವಳ ಟೀಮಿನವನೇ. ಅವನನ್ನು ಅಲ್ಲಿಗೆ ಸೇರಿಸಿದವಳೂ ಅವಳೇ. ಓದು ಮುಗಿಸಿ ಕೆಲಸ ಸಿಗದೆ ಹಗಲೆಲ್ಲ ಹಾಸಿಗೆಯಲ್ಲಿ ಬಿದ್ದಿರುತ್ತಿದ್ದವನನ್ನು ಎಬ್ಬಿಸಿ, ಇಂಟರ್‌ವ್ಯೂಗೆ ಅಂಗಿ ಇಸ್ತ್ರಿ ಮಾಡಿಕೊಟ್ಟು, ತನ್ನ ಮೇಲಿನವರ ಹತ್ತಿರ ಹಲ್ಲುಗಿಂಜಿ ಸೇರಿಸಿದ್ದಳು. ಸುಳ್ಳು ಯಾಕೆ ಹೇಳಬೇಕು, ಹುಡುಗ ಬುದ್ಧಿವಂತ. ಬೇರೆಯವರು ವಾರಗಟ್ಟಲೆ ತಿಣುಕಾಡುವುದನ್ನು ಇವನು ಕೂತಲ್ಲೇ ಮುಗಿಸುತ್ತಿದ್ದ, ಮನಸ್ಸು ಬಂದರೆ. ಬಾರದಿದ್ದರೆ ದೇವರೇ ಬಂದು ಕೇಳಿದರೂ "ಆಯ್ತು, ಆಯ್ತು" ಅಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಿದ್ದ.

ಮನೆಯಲ್ಲಿ ಆಫೀಸಿನ ಮಾತು ಎತ್ತಬಾರದು ಅಂತ ಅತ್ತಿಗೆ ಮೈದುನ ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು. ಯಾವ ಮನೆಯಲ್ಲಿ ಅಂಥ ಮಾತು ಉಳಿದಿದೆ? ಗಿರಾಕಿಗಳಿಗೆ ಡೆಮೋ ತೋರಿಸುವ ಎರಡು ದಿನ ಮುಂಚೆ, ಸೊಸೆ ಆಲೂಗಡ್ಡೆ ಪಲ್ಯ ಬಡಿಸುತ್ತಿದ್ದಳು. ಮೈದುನ ಫೋನ್ ನೋಡುತ್ತ ತಟ್ಟೆ ಮುಂದೆ ಚಾಚಿದ್ದ.

"ಆ ರಿಟರ್ನ್ ಪೇಜ್," ಎಂದಳು ಅವಳು. "ನಾಡಿದ್ದು ಡೆಮೋ ಇದೆ, ಆಯ್ತಾ?"

"ಆಯ್ತು ಅತ್ತಿಗೆ," ಎಂದ ಅವನು. "ಪಲ್ಯ ಇನ್ನೊಂಚೂರು ಹಾಕಿ."

ಅವಳು ಹಾಕಿದಳು. ಮನಸ್ಸಿಗೆ ನಿರಾಳವಾಯಿತು.

ರಿಟರ್ನ್ ಪೇಜ್ ಅಂದರೆ ಅವಧಿ ಮುಗಿದ ಔಷಧಿಗಳನ್ನು ಕಂಪನಿಗೆ ವಾಪಸ್ ಕಳಿಸುವ ಪುಟ. ಅಂಗಡಿಯವರು ಬೇಡುತ್ತಿದ್ದದ್ದೇ ಅದನ್ನು. ಡೆಮೋ ದಿನ ಅಷ್ಟೂ ಅಂಗಡಿಗಳ ಮ್ಯಾನೇಜರ್‌ಗಳು ಕೌಂಟರ್ ಬಿಟ್ಟು ಬಂದಿದ್ದರು. ಹೊಸ ಡೈರೆಕ್ಟರ್ ಹಿಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದರು. ಸೊಸೆ ಎಲ್ಲವನ್ನೂ ಚೆನ್ನಾಗಿಯೇ ತೋರಿಸಿದಳು. ಕೊನೆಗೆ, "ಈಗ ನೀವೆಲ್ಲ ಕಾಯ್ತಿರೋದು" ಎಂದು ನಗುತ್ತ ಗುಂಡಿ ಒತ್ತಿದಳು.

ಪರದೆ ಬೆಳ್ಳಗೆ ನಿಂತಿತು. ಮೇಲೆ ಒಂದು ಶೀರ್ಷಿಕೆ, ಕೆಳಗೆ ಏನೂ ಇಲ್ಲ.

ಅವಳು ಇನ್ನೊಮ್ಮೆ ಒತ್ತಿದಳು. ಅಂಗಡಿಯವರಲ್ಲಿ ಒಬ್ಬರು, ತಲೆ ನರೆತವರು, "ಅಮ್ಮಾ, ಔಷಧಿ ಎಲ್ಲಾ ಆಗಲೇ ವಾಪಸ್ ಹೋಗಿಬಿಡ್ತೇನೋ" ಅಂದರು. ಎಲ್ಲರೂ ನಕ್ಕರು. ಅವಳು ಮೈದುನನ ಕಡೆ ನೋಡಿದಳು. ಅವನು ಕತ್ತು ಬಗ್ಗಿಸಿ ಟೇಬಲ್ಲಿನ ಅಂಚು ನೋಡುತ್ತಿದ್ದ.

ಸಂಜೆ ಮನೆಯಲ್ಲಿ ಬಾಗಿಲು ಹಾಕಿದ ಕೂಡಲೇ ಶುರುವಾಯಿತು.

"ಆಯ್ತು ಅಂದ್ಯಲ್ಲೋ ನೀನು!"

"ಅಂದೆ. ಆಯ್ತು ಅಂದ್ರೆ ಸರಿ, ಮಾಡ್ತೀನಿ ಅಂತ. ನೀವು ಡೆಮೋ ಇದೆ ಆಯ್ತಾ ಅಂತ ನೆನಪು ಮಾಡಿದ್ರಿ. ನಾನು ಆಯ್ತು ಅಂದೆ."

"ನಾನು ನೆನಪು ಮಾಡಲಿಲ್ಲ ಕಣೋ, ಕೇಳಿದೆ! ಪೇಜ್ ಆಯ್ತಾ ಅಂತ ಕೇಳಿದೆ!"

"ಹಾಗೆ ಕೇಳಬೇಕಿತ್ತು ಮತ್ತೆ. ಪೇಜ್ ಮುಗೀತಾ ಅನ್ನಬೇಕಿತ್ತು. ಕೈಯಲ್ಲಿ ಸೌಟು ಹಿಡ್ಕೊಂಡು ಅರ್ಧಂಬರ್ಧ ಕೇಳಿದ್ರೆ ನನಗೇನು ಗೊತ್ತಾಗುತ್ತೆ?"

"ಡೆಮೋ ದಿನ ಬೆಳಗ್ಗೆ ಗೊತ್ತಿತ್ತಲ್ಲ ಪೇಜ್ ಇಲ್ಲ ಅಂತ? ಬಾಯಿ ಬಿಟ್ಟು ಒಂದು ಮಾತು ಹೇಳೋಕೇನಾಗಿತ್ತು?"

"ನೀವು ಅದನ್ನ ತೋರಿಸಲ್ಲ ಅಂದ್ಕೊಂಡೆ."

"ಅಂದ್ಕೊಂಡ್ಯಾ! ಇಡೀ ಸಭೆ ಮುಂದೆ ನನ್ನ ಮಾನ ಹರಾಜಾಯ್ತು, ಇವನು ಅಂದ್ಕೊಂಡನಂತೆ!"

ಅತ್ತೆ ಒಳಗಿನಿಂದ ಬಂದರು. "ಯಾಕಮ್ಮ ಹುಡುಗನ ಮೇಲೆ ಹಾಗೆ ಹಾರಾಡ್ತೀಯ? ಬೆಳಗ್ಗೆಯಿಂದ ಅವನೂ ದುಡಿದು ಬಂದಿದ್ದಾನೆ. ತಪ್ಪಾಯ್ತು, ಬಿಡು."

"ತಪ್ಪಾಯ್ತು ಅಂತ ಅವನು ಇನ್ನೂ ಹೇಳಿಲ್ಲ ಅತ್ತೆ."

ಅವನು ಹೇಳಲೂ ಇಲ್ಲ. ಎದ್ದು ಹೋಗಿ ಸ್ನಾನದ ಕೋಣೆಯ ಬಾಗಿಲು ಹಾಕಿಕೊಂಡ. ಸೊಸೆ ಅಡುಗೆಗೆ ನಿಂತಾಗ ಗಂಡ ಮೆಲ್ಲಗೆ ಅಡುಗೆಮನೆಗೆ ಬಂದು ಹೆಂಡತಿಯ ಪಕ್ಕ ನಿಂತ. ಬೀನ್ಸ್ ಹೆಚ್ಚುವ ಚಾಕು ತಾನೇ ತೆಗೆದುಕೊಂಡ. ಅವನು ಚಾಕು ಹಿಡಿದರೆ ಏನೋ ಕೇಳುವುದಿದೆ ಅಂತಲೇ ಲೆಕ್ಕ.

"ಡೈರೆಕ್ಟರ್ ಏನಂದ್ರು?"

"ನಾಳೆ ಕರೆದಿದ್ದಾರೆ. ಯಾರ ತಪ್ಪು ಅಂತ ಹೇಳಬೇಕಂತೆ."

"ನೋಡು, ಅವನ ಕೆಲಸ ಖಾಯಂ ಆಗೋ ಹೊತ್ತು ಇದು. ಈಗ ಹೆಸರು ಕೆಟ್ರೆ ಹೋಯ್ತು. ಮತ್ತೆ ಹಾಸಿಗೆ ಹಿಡ್ಕೊಂಡು ಮಲಗ್ತಾನೆ, ನಿನಗೆ ಗೊತ್ತಲ್ಲ. ನೀನು ಹೇಗೂ ಬಹಳ ವರ್ಷದವಳು, ನಿನ್ನನ್ನೇನೂ ಮಾಡಲ್ಲ. ಒಪ್ಕೊಂಡುಬಿಡು."

"ನಾನು ಮಾಡದೇ ಇರೋ ತಪ್ಪನ್ನ?"

"ಮ್ಯಾನೇಜರ್ ಅಂದ್ರೆ ಅದೇ ತಾನೇ?"

ಬಾಗಿಲಲ್ಲಿ ನಿಂತಿದ್ದ ಅತ್ತೆಯೂ ಅಂದರು, ಅಪರೂಪಕ್ಕೆ ಮೆತ್ತಗಿನ ದನಿಯಲ್ಲಿ: "ನಿನ್ನ ಕೈ ಹಿಡಿದು ಕೇಳ್ಕೊಳ್ತೀನಿ ಕಣಮ್ಮ. ನೀನೇ ಸೇರಿಸಿದವಳು, ನೀನೇ ಕಾಪಾಡು. ನಿನ್ನ ಈ ಉಪಕಾರ ಅವನು ಮರೆಯಲ್ಲ."

ಮರುದಿನ ಸೊಸೆ ಡೈರೆಕ್ಟರ್ ಮುಂದೆ ನಿಂತು, "ನನ್ನಿಂದಲೇ ತಪ್ಪಾಯಿತು. ನಾನು ಸರಿಯಾಗಿ ಕೇಳಿಕೊಳ್ಳಲಿಲ್ಲ" ಎಂದಳು. ಡೈರೆಕ್ಟರ್ ಬೈಯಲಿಲ್ಲ. "ಸರಿ" ಎಂದು ಒಂದೇ ಮಾತು ಹೇಳಿ ಕಂಪ್ಯೂಟರ್ ಕಡೆ ತಿರುಗಿದರು. ಬೈದಿದ್ದರೇ ವಾಸಿಯಿತ್ತು. ಮೈದುನ ಆ ವಾರವೇ ಪೇಜ್ ಮುಗಿಸಿದ, ಬಹಳ ಚೆನ್ನಾಗಿ ಮುಗಿಸಿದ. ಅಂಗಡಿಯವರು ಹೊಗಳಿದರು. ಅವನ ಕೆಲಸ ಖಾಯಂ ಆಯಿತು. ಮನೆಗೆ ಕೇಕ್ ತಂದು ಅಮ್ಮನಿಗೆ ಮೊದಲ ತುಂಡು ತಿನ್ನಿಸಿದ. ಅತ್ತಿಗೆಯದನ್ನು ಫ್ರಿಜ್‌ನಲ್ಲಿ ಇಟ್ಟಿದ್ದೇನೆ ಎಂದ. ಅವಳು ಕೆಲಸ ಮುಗಿಸಿ ಬರುವಷ್ಟರಲ್ಲಿ ಮಗಳು ಅದನ್ನೂ ತಿಂದಾಗಿತ್ತು.

ಹೆಸರಿನ ಯೋಚನೆ ಮಾತ್ರ ಹೋಗಲಿಲ್ಲ. ಬಸ್ಸಿನಲ್ಲಿ, ಬಟ್ಟೆ ಮಡಿಸುವಾಗ, ಮಗಳ ತಲೆ ಬಾಚುವಾಗ ಅದೇ. ಸಂಯೋಜಕಿ ಅಂದರೆ ಸಭೆ ಸಮಾರಂಭದವರ ಹಾಗೆ. ಉಸ್ತುವಾರಿ ಅಂದರೆ ಆಸ್ತಿ ಕಾಯುವವರ ಹಾಗೆ. ಮೇಲ್ವಿಚಾರಕಿ ಅಂದರೆ ಅತ್ತೆಯ ಸೂಪರ್‌ವೈಸರಮ್ಮನೇ ಎದ್ದು ಬರುತ್ತಾಳೆ. ಒಂದು ಭಾನುವಾರ ಗಂಡ ಯಾರೊಡನೆಯೋ ಫೋನಿನಲ್ಲಿ ಜಗಳವಾಡುತ್ತಿದ್ದ. "ರಿಪೇರಿ ಮಾಡಿದ್ದು ನಾನು ಸ್ವಾಮಿ, ಆದ್ರೆ ನೀವು ಮೂರು ದಿನ ಬಾಗಿಲು ತೆಗೆದಿಟ್ರೆ ನಾನು ಹೇಗೆ ಹೊಣೆ? ನಾನು ಹೊಣೆಯಲ್ಲ!"

ಸೊಸೆ ಕೈಯಲ್ಲಿದ್ದ ಟವೆಲ್ ಕೆಳಗಿಟ್ಟಳು. "ಹೊಣೆ!" ಎಂದಳು. "ಅದೇ ನನ್ನ ಕೆಲಸ. ಡೆಲಿವರಿ ಹೊಣೆ. ಕೊಟ್ಟ ಮಾತಿನಂತೆ ಕೆಲಸ ಮುಗಿಯೋದಕ್ಕೆ ಹೊಣೆ."

"ಹೊಣೆ ಅಂದ್ರೇನಮ್ಮ?" ಮಗಳು ಕೇಳಿದಳು.

"ಮಾಡೋರು ಯಾರೋ ಇರಬಹುದು. ಆದ್ರೆ ಮುಗೀದೇ ಹೋದ್ರೆ ಹೋಗಿ ಮುಖ ತೋರಿಸಬೇಕಾದವಳು ನಾನು. ಅದು."

"ಒಳ್ಳೆ ಹೆಸರು," ಎಂದ ಗಂಡ. ಮೈದುನ ಫೋನಿನಿಂದ ತಲೆ ಎತ್ತಲಿಲ್ಲ. ಅತ್ತೆ ಮೂಗು ಮುರಿದರು. ಆ ದಿನ ಸೊಸೆ ಎಷ್ಟೋ ದಿನಗಳ ಮೇಲೆ ಹೊಟ್ಟೆತುಂಬ ಉಂಡಳು.

ಹೆಸರು ಒಪ್ಪಿಸುವ ದಿನ ಡೈರೆಕ್ಟರ್ ಒಬ್ಬೊಬ್ಬ ಮ್ಯಾನೇಜರನ್ನೂ ಅವರವರ ಟೀಮಿನ ಸಮೇತ ಕರೆದರು. ಸೊಸೆ ತನ್ನ ಹೆಸರು ಹೇಳಿದಳು. ಡೈರೆಕ್ಟರ್ ಅದನ್ನು ಬಿಳಿ ಬೋರ್ಡಿನ ಮೇಲೆ ಬರೆದು ಅಂದರು:

"ಹೊಣೆ. ಸ್ಪಷ್ಟವಾಗಿದೆ. ಹಾಗಾದರೆ ಮೊನ್ನೆ ಡೆಮೋ ಕೆಟ್ಟದ್ದಕ್ಕೆ ನೀವೇ ಹೊಣೆ."

"ಹೌದು, ಆದರೆ—"

"ನೀವೇ ಹೇಳಿದ್ದಿರಿ, ಸರಿಯಾಗಿ ಕೇಳಿಕೊಳ್ಳಲಿಲ್ಲ ಅಂತ. ಅಂದರೆ ನಿಮ್ಮ ಕೆಲಸ ಕೇಳಿಕೊಳ್ಳುವುದು. ಆ ಪುಟ ತೆರೆದು ನೋಡಿದ್ದರೆ ನಿಮಗೇ ಗೊತ್ತಾಗುತ್ತಿತ್ತು. ನೋಡಿದಿರಾ?"

ಸೊಸೆ ಬೋರ್ಡಿನ ಕಡೆ ನೋಡಿದಳು. ಮನೆಯ ಹುಡುಗ, ತಟ್ಟೆ ಮುಂದೆ ಕೂತು ಆಯ್ತು ಅಂದವನ ಮಾತನ್ನು ತೆರೆದು ಬೇರೆ ನೋಡಬೇಕೇ? ಅದನ್ನು ಇಲ್ಲಿ ಹೇಳುವುದು ಹೇಗೆ?

ಡೈರೆಕ್ಟರ್ ಟೀಮಿನ ಕಡೆ ತಿರುಗಿದರು. "ನೀವು ಹೇಳಿ. ಇವರು ದಿನವೂ ಏನು ಮಾಡುತ್ತಾರೆ? ಒಂದು ಮಾತಿನಲ್ಲಿ."

ಪರೀಕ್ಷೆ ಮಾಡುವ ಹುಡುಗಿ, "ಮೇಡಂ ಇಲ್ದಿದ್ರೆ ನಮಗೆ… ಅಂದ್ರೆ, ಎಲ್ಲಾ ಅವರೇ…" ಎಂದು ತೊದಲಿ ಕೆಂಪಗಾಗಿ ಸುಮ್ಮನಾದಳು. ಪಾಪ, ಅವಳು ಅಳೆದೂ ಸುರಿದೂ ಸರಿಯಾದ ಮಾತು ಹುಡುಕುತ್ತಿದ್ದಳು. ಡೈರೆಕ್ಟರ್ ಮೈದುನನ ಕಡೆ ಪೆನ್ನು ತೋರಿಸಿದರು.

ಅವನು ಅತ್ತಿಗೆಯ ಮುಖ ನೋಡಿದ. ಅವಳೂ ನೋಡಿದಳು. ಈಗ ಹೇಳುತ್ತಾನೆ ಅಂತ ಅವಳಿಗೆ ಖಾತ್ರಿಯಿತ್ತು. ತಪ್ಪು ನನ್ನದು, ಅವರು ನನಗಾಗಿ ಹೊತ್ತುಕೊಂಡರು, ಇಷ್ಟು ಹೇಳಿದರೆ ಮುಗಿಯಿತು. ಖಾಯಂ ಆದವನನ್ನು ಯಾರೂ ತೆಗೆದುಹಾಕುವುದಿಲ್ಲ.

"ಕೇಳ್ತಾರೆ," ಎಂದ ಮೈದುನ. ತುಟಿಯ ಕೊನೆಯಲ್ಲಿ ಒಂದು ಪೆಚ್ಚು ನಗೆ. "ಆಯ್ತಾ ಅಂತ."

ಕೋಣೆಯೆಲ್ಲ ಗೊಳ್ಳೆಂದಿತು. ಡೈರೆಕ್ಟರ್ ಮಾತ್ರ ನಗದೆ, ಬೋರ್ಡಿನ ಮೇಲಿದ್ದ ಹೊಣೆಯನ್ನು ಅಂಗೈಯಿಂದ ಒರೆಸಿದರು.

ಮುಂದಿನ ವಾರ ಹೊಸ ಹೆಸರುಗಳು ಬಂದವು. ಡೆಲಿವರಿ ಲೀಡ್ ಅಂತ ಒಂದು ಹುದ್ದೆ. ಅದಕ್ಕೆ ಕೋಡ್ ಓದಲು ಬರುವವರೇ ಬೇಕು, ಪುಟ ತೆರೆದು ನೋಡುವವರು. ಅದು ಮೈದುನನಿಗೆ. ಅವನ ಕೆಳಗೆ ಫಾಲೋಅಪ್ ಸಹಾಯಕಿ. ಯಾರ ಕೆಲಸ ಎಲ್ಲಿಗೆ ಬಂತು ಎಂದು ಕೇಳಿ ಲೀಡ್‌ಗೆ ತಿಳಿಸುವವಳು. ಅದು ಸೊಸೆಗೆ. ಸಂಬಳ ಇಳಿಯಿತು. ಎಲ್ಲರೂ ಹೇಳಿದರು, ಈಗ ಯಾವುದಕ್ಕೂ ಗೊಂದಲವಿಲ್ಲ, ಬಹಳ ಸ್ಪಷ್ಟವಾಗಿದೆ ಎಂದು.

ಮನೆಯಲ್ಲಿ ಅತ್ತೆ ಚಿಕ್ಕಮಗನ ತಲೆ ನೇವರಿಸಿ ಕಣ್ಣೊರೆಸಿಕೊಂಡರು. ಗಂಡ ಹೆಂಡತಿಯ ಮುಖ ನೋಡಿದ, ತಮ್ಮನ ಮುಖ ನೋಡಿದ, ಕೊನೆಗೆ, "ಹೋಗ್ಲಿ ಬಿಡು. ಹೊರಗಿನವರ ಪಾಲಾಗಲಿಲ್ಲವಲ್ಲ. ಮನೆಯೊಳಗೇ ಉಳೀತು" ಎಂದ.

ಅಲ್ಲಿಯತನಕ ತಡೆದುಕೊಂಡಿದ್ದ ಸೊಸೆ ಸಿಡಿದಳು.

"ಯಾರ ಮನೆಯೊಳಗೆ ರೀ? ಯಾರದ್ದು ಉಳೀತು? ನನ್ನ ಬಾಯಿಂದ ತಪ್ಪು ಒಪ್ಪಿಸಿದ್ರಿ. ಅಮ್ಮ ಮಗ ಇಬ್ರೂ ಬಂದು ಕೈ ಹಿಡಿದ್ರಿ. ಆ ಒಪ್ಕೊಂಡ ಮಾತನ್ನೇ ತಂದು ನನ್ನ ಕುತ್ತಿಗೆಗೆ ಕಟ್ಟಿದ್ರು ಅಲ್ಲಿ. ಅದನ್ನ ಬಿಚ್ಚೋಕೆ ಇವನಿಗೆ ಒಂದು ಮಾತು ಸಾಕಿತ್ತು!"

"ತಮಾಷೆಗೆ ಅಂದೆ ಅತ್ತಿಗೆ," ಎಂದ ಮೈದುನ ನೆಲ ನೋಡುತ್ತ. "ಬಾಯಿಗೆ ಬಂತು, ಅಂದುಬಿಟ್ಟೆ. ಅವರು ಅದನ್ನೇ ಹಿಡ್ಕೊಳ್ತಾರೆ ಅಂತ ನನಗೇನು ಗೊತ್ತು?"

"ಆಮೇಲೆ? ಹುದ್ದೆ ಕೊಟ್ಟಾಗಲೂ ತಮಾಷೆಗೆ ತಗೊಂಡ್ಯಾ? ಬೇಡ ಅನ್ನೋಕೆ ಬಾಯಿ ಇರಲಿಲ್ವಾ?"

"ನಾನು ಬೇಡ ಅಂದ್ರೆ ಹೊರಗಿಂದ ಯಾರನ್ನಾದ್ರೂ ತರ್ತಿದ್ರು. ನಿಮಗಂತೂ ಸಿಗ್ತಿರಲಿಲ್ಲ."

"ಅವನ ಬುದ್ಧಿಗೆ ಸಿಕ್ಕಿದೆ ಅವನಿಗೆ," ಎಂದರು ಅತ್ತೆ. "ನಿನಗ್ಯಾಕಮ್ಮ ಅಷ್ಟು ಹೊಟ್ಟೆಕಿಚ್ಚು? ಮಾಡೋರಿಗೆ ಮೇಲಿನ ಜಾಗ ಸಿಗೋದು ಲೋಕದಲ್ಲಿ ಇದೇ ಮೊದಲು ಇರಬೇಕು. ನಮ್ಮ ಫ್ಯಾಕ್ಟರೀಲಿ ಒಂದು ಸಲಾನಾದ್ರೂ ಹೀಗಾಗಿದ್ರೆ ನನ್ನ ಬೆನ್ನು ಇವತ್ತು ಹೀಗಿರ್ತಿರಲಿಲ್ಲ."

ಅತ್ತೆಯ ಮಾತಿನಲ್ಲಿ ಕಣ್ಣೀರಿತ್ತು, ಅದು ನಿಜವಾದ ಕಣ್ಣೀರು. ಸೊಸೆಗೆ ಅದೇ ಹೆಚ್ಚು ಉರಿಯಿತು. ಇಷ್ಟು ವರ್ಷ ಆ ಯಾವಳೋ ಸೂಪರ್‌ವೈಸರಮ್ಮನ ಮೇಲಿನ ಸಿಟ್ಟನ್ನು ತನ್ನ ತಟ್ಟೆಗೆ ಬಡಿಸುತ್ತಿದ್ದರು ಎಂದು ಅವಳಿಗೆ ಅರ್ಥವಾಯಿತು. ಅರ್ಥವಾಗಿ ಆಗುವುದೇನಿತ್ತು?

ಕೆಲಸ ಬಿಟ್ಟುಬಿಡಬೇಕು ಎಂದುಕೊಂಡಳು. ಬಾಡಿಗೆ, ಶಾಲೆ ನೆನಪಾಯಿತು. ಬಿಡಲಿಲ್ಲ. ಬದಲಿಗೆ ಒಂದು ಹಟ ಹಿಡಿದಳು: ಆಫೀಸಿನಲ್ಲಿ ಸಂಬಳ ಕೊಡುತ್ತಾರೆ, ಆಯ್ತಾ ಎಂದು ಕೇಳುತ್ತೇನೆ; ಮನೆಯಲ್ಲಿ ಇನ್ನು ಯಾರನ್ನೂ ಏನನ್ನೂ ಕೇಳುವುದಿಲ್ಲ.

ಅಡುಗೆ ಮಾಡಿದಳು, ಪಾತ್ರೆ ತೊಳೆದಳು, ಕೇಳಲಿಲ್ಲ. ಗ್ಯಾಸ್ ಸಿಲಿಂಡರ್ ಹೇಳಿದಿರಾ ಎಂದು ಗಂಡನನ್ನು ಕೇಳಲಿಲ್ಲ; ಅನ್ನ ಅರ್ಧ ಬೆಂದಾಗ ಒಲೆ ಆರಿಹೋಯಿತು, ಎಲ್ಲರೂ ಬ್ರೆಡ್ ತಿಂದು ಮಲಗಿದರು. ವಿಜ್ಞಾನದ ಮಾಡೆಲ್ ಮುಗಿಯಿತಾ ಎಂದು ಮಗಳನ್ನು ಕೇಳಲಿಲ್ಲ. ಹುಡುಗಿ ಶಾಲೆಯಿಂದ ಅಳುತ್ತ ಬಂದಳು. ಸೊಸೆ ಅವಳನ್ನು ತಬ್ಬಿ ಕಣ್ಣೊರೆಸಿದಳು, ಆದರೂ ಹಟ ಬಿಡಲಿಲ್ಲ. ಕರೆಂಟ್ ಬಿಲ್ ಕಟ್ಟಿದೆಯಾ ಎಂದು ಮೈದುನನನ್ನು ಕೇಳಲಿಲ್ಲ. ಒಂದು ಮಧ್ಯಾಹ್ನ ಫ್ಯಾನ್ ನಿಂತಿತು, ಫ್ರಿಜ್ ರಿಪೇರಿಯವನ ಮನೆಯ ಫ್ರಿಜ್‌ನಲ್ಲಿ ಹಾಲು ಒಡೆಯಿತು.

"ಏನಾಗಿದೆ ಈ ಮನೆಗೆ?" ಎಂದು ಗಂಡ ಕೂಗಾಡಿದ. "ಒಂದೂ ಹೊತ್ತಿಗೆ ಸರಿಯಾಗಿ ಆಗ್ತಿಲ್ಲ!"

"ಮಾಡೋರು ನೀವೆಲ್ಲ ಇದ್ದೀರಲ್ಲ," ಎಂದಳು ಸೊಸೆ. "ನನ್ನದೇನಿದೆ? ನಾನು ಬರೀ ಕೇಳೋಳು."

ಅಷ್ಟು ಹೇಳಿದ ಮೇಲಾದರೂ ಒಬ್ಬರಾದರೂ ಅವಳ ಮುಖ ನೋಡುತ್ತಾರೆ ಎಂದುಕೊಂಡಿದ್ದಳು. ಗಂಡ ಬಿಲ್ ಕಟ್ಟಲು ತಮ್ಮನಿಗೆ ಫೋನ್ ಮಾಡುತ್ತಿದ್ದ. ತಮ್ಮ, "ಮೀಟಿಂಗ್‌ನಲ್ಲಿದ್ದೀನಿ, ಅತ್ತಿಗೆ ಒಂದು ಮಾತು ನೆನಪು ಮಾಡಬಾರದಿತ್ತಾ?" ಎನ್ನುತ್ತಿದ್ದದ್ದು ಇವಳಿಗೂ ಕೇಳಿಸಿತು.

ಒಂದು ಬೆಳಗ್ಗೆ ಅತ್ತೆ ಹಾಸಿಗೆಯಿಂದ ಎದ್ದವರು ತಲೆ ಸುತ್ತಿ ಗೋಡೆ ಹಿಡಿದುಕೊಂಡು ಕೂತರು. ರಕ್ತದೊತ್ತಡದ ಮಾತ್ರೆ ಖಾಲಿಯಾಗಿ ಎಷ್ಟು ದಿನವಾಗಿತ್ತೋ, ಅವರಿಗೂ ನೆನಪಿರಲಿಲ್ಲ. ಮಾತ್ರೆ ತಗೊಂಡಿದ್ದಾಯ್ತಾ ಎಂದು ಪ್ರತಿದಿನ ಕೇಳುತ್ತಿದ್ದವಳು ಸೊಸೆ ಒಬ್ಬಳೇ. ಗಂಡ ಯಾರದೋ ಮನೆಗೆ ರಿಪೇರಿಗೆ ಹೋಗಿದ್ದ, ಮೈದುನ ಆಫೀಸಿನಲ್ಲಿದ್ದ. ಸೊಸೆ ಓಡಿಬಂದಳು. ಏನಾದರೂ ಆಗಿಬಿಟ್ಟರೆ ತನ್ನ ಹಟವೇ ಕಾರಣ ಎಂಬ ಭಯದಲ್ಲಿ ಅತ್ತೆಯನ್ನು ತಬ್ಬಿ ಎತ್ತಿ, ಆಟೋ ಹಿಡಿದು ಕ್ಲಿನಿಕ್ಕಿಗೆ ಹೊರಟಳು. ರಜೆಗಾಗಿ ಮೈದುನನಿಗೇ ಮೆಸೇಜ್ ಕಳಿಸಬೇಕಾಯಿತು. ಕಳಿಸಿದಳು. ಅವನು ಒಪ್ಪಿಗೆ ಕೊಟ್ಟ.

"ಯಾಕೆ ಕೇಳಲಿಲ್ಲ ನೀನು?" ಎಂದರು ಅತ್ತೆ ಆಟೋದಲ್ಲಿ, ಅವಳ ಹೆಗಲಿಗೆ ಒರಗಿಕೊಂಡೇ. "ವಾರದಿಂದ ಒಂದು ದಿನಾನಾದ್ರೂ ಮಾತ್ರೆ ಅಂತ ಕೇಳಿದ್ಯಾ? ಮುದುಕಿ ಸತ್ರೆ ಸಾಯ್ಲಿ ಅಂತ ತಾನೇ?"

ಸೊಸೆ ಅವರು ಜಾರದಂತೆ ತೋಳು ಬಳಸಿ ಹಿಡಿದಳು. ಅವಳಿಗೆ ಅಳು ಬಂತು, ಮುಖ ಆ ಕಡೆ ತಿರುಗಿಸಿದಳು.

ಗಾಬರಿ ಪಡುವಂಥದ್ದು ಏನೂ ಇಲ್ಲ ಎಂದರು ಡಾಕ್ಟರ್. ಹೊಸ ಮಾತ್ರೆ ಕೊಟ್ಟು, ಸ್ವಲ್ಪ ಹೊತ್ತು ಮಲಗಿಸಿ ಎಂದರು. ನರ್ಸ್ ಅತ್ತೆಯ ತೋಳಿಗೆ ಪಟ್ಟಿ ಕಟ್ಟುತ್ತ ಮಾತಿಗೆ ಶುರುವಿಟ್ಟಳು. ಬಾಯಿ ತುಂಬ ಮಾತಾಡುವ ಹೆಂಗಸು. ಇವರು ಮಗಳಾ, ಸೊಸೆಯಾ? ಸೊಸೆ. ಎಷ್ಟು ಚೆನ್ನಾಗಿ ನೋಡ್ಕೊಳ್ತಾರೆ, ಮುಖ ನೋಡಿದ್ರೇ ಗೊತ್ತಾಗುತ್ತೆ. ಅತ್ತೆಗೆ ಜೀವ ಬಂದಿತ್ತು, ನಕ್ಕರು.

"ಏನು ಕೆಲಸ ಮಾಡ್ತಾರೆ ನಿಮ್ಮ ಸೊಸೆ?" ನರ್ಸ್ ಕೇಳಿದಳು.

ಇಷ್ಟು ವರ್ಷ ಈ ಪ್ರಶ್ನೆ ಬಂದಾಗಲೆಲ್ಲ ಅತ್ತೆ, ಏನೋ ಕಂಪ್ಯೂಟರ್ ಅಂತೆ, ನನಗೆ ತಿಳಿಯಲ್ಲ ಎಂದು ಸೊಸೆಯ ಕಡೆ ಕೈ ತೋರಿಸಿ ಸುಮ್ಮನಾಗುತ್ತಿದ್ದರು. ಈಗ ದಿಂಬಿನಿಂದ ತಲೆ ಎತ್ತಿದರು. ಸೊಸೆ ಅವರ ಬಾಯನ್ನೇ ನೋಡುತ್ತಿದ್ದಳು.

"ನನ್ನ ಚಿಕ್ಕಮಗನ ಕೈಕೆಳಗೆ," ಎಂದರು ಅತ್ತೆ.

"ಓ, ಹಾಗಾ!" ಎಂದಳು ನರ್ಸ್. ಅವಳಿಗೆ ಪೂರ್ತಿ ಅರ್ಥವಾಯಿತು. ಪಟ್ಟಿಗೆ ಗಾಳಿ ತುಂಬುತ್ತ, ಮಗನದು ಯಾವ ಕಂಪನಿ ಎಂದು ಕೇಳತೊಡಗಿದಳು.